ಎಂಟನೇತ್ತೆಯ ಲೆಕ್ಕ

ವಿಜಯಪುರ
ಸಂಕ್ರಮಣ ಮುಗಿದ ವಾರ

ಪ್ರೀತಿಯ ತಮ್ಮಾ,

ಸಿದ್ಧೇಶ್ವರ ಜಾತ್ರೆ ಮುಗಿಯಿತು. ನಂದಿಕೋಲುಗಳು ಗುಡಿ ಸೇರಿದವು, ಮದ್ದು ಸುಟ್ಟ ವಾಸನೆ ಮಾತ್ರ ಇನ್ನೂ ಓಣಿಯಲ್ಲೇ ಇದೆ. ನೀನು ಬರುತ್ತೀ ಅಂತ ಶೇಂಗಾ ಹೋಳಿಗೆ ಮಾಡಿಟ್ಟು ಕಾದದ್ದೇ ಬಂತು. ನೀನು ಬರಲಿಲ್ಲ, ನಿನ್ನ ಬದಲಿಗೆ ರಾತ್ರಿ ಉದ್ದನೆಯದೊಂದು ವಾಯ್ಸ್ ಮೆಸೇಜು ಬಂತು. ಕೇಳುತ್ತ ಕೇಳುತ್ತ ಮೊದಲು ನಗು ಬಂತು, ಆಮೇಲೆ ನಿದ್ದೆ ಹಾರಿತು. ಅಷ್ಟೊಂದು ಮಾತಿಗೆ ಫೋನಿನಲ್ಲಿ ಉತ್ತರ ಕೊಟ್ಟರೆ ಗಾಳಿಗೆ ಹೋಗುತ್ತದೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಚಿಗವ್ವನ ಮೊಣಕಾಲು ಹೇಗಿದೆ? ಹೊಲಕ್ಕೆ ಹೋಗಬೇಡ ಅಂದರೆ ಅವಳು ಕೇಳುವವಳಲ್ಲ, ಅದರಲ್ಲೂ ಎಳೆ ಜೋಳದ ಸೀತನಿ ಕಾಲ. ಈ ಸಲ ಸೀತನಿ ಕಳಿಸದಿದ್ದರೆ ನಾನೇ ಬಂದು ಜಗಳ ತೆಗೆಯುತ್ತೇನೆ ಅಂತ ಹೇಳು.

ನೀನು ಸಾಲಿಯ ಎಸ್‌ಡಿಎಂಸಿ ಸಮಿತಿಗೆ ಅಧ್ಯಕ್ಷನಾದ ಸುದ್ದಿ ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಗಣಿತದ ತಾಸು ಬಂತೆಂದರೆ ಕಿಡಕಿ ಹಾರಿ ಬಯಲಾಟದ ತಾಲೀಮು ನೋಡಲು ಓಡುತ್ತಿದ್ದ ಹುಡುಗನ ಕೈಯಲ್ಲಿ ಈಗ ಸಾಲಿಯ ಠರಾವು ಪುಸ್ತಕ! ನಿನ್ನ ಹಳೆಯ ಮಾಸ್ತರರ ಮುಂದೆ ಈ ಸುದ್ದಿ ಹೇಳಿದೆ. ‘ಅಂವಾ ಓಡೂದ್ರಾಗ ಶಾಣ್ಯಾ ಇದ್ದ, ಸಾಲಿ ಕೆಲಸಕ್ಕೂ ಓಡ್ತಾನ ಬಿಡು’ ಅಂದರು. ಅವರ ಮಾತು ಸುಳ್ಳಾಗಬಾರದು ನೋಡು.

ಈಗ ನೀನು ಹೇಳಿದ ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ ಒಬ್ಬರು ‘ನಮ್ಮ ಭಾಗಕ್ಕ ಇನ್ನೊಂದು ಸರಕಾರಿ ಹೈಸ್ಕೂಲ್ ಬೇಕು’ ಅಂದರಂತೆ. ಇನ್ನೊಬ್ಬರು ‘ಎಲ್ಲಾರೂ ಇಂಗ್ಲಿಷ್ ಮೀಡಿಯಂಗೆ ಹೊಂಟಾರ, ಮಕ್ಕಳ ಸಂಖ್ಯೆನೂ ಇಳಿದದ, ಹೈಸ್ಕೂಲ್ ಯಾಕ’ ಅಂದರಂತೆ. ಅಷ್ಟರಲ್ಲಿ ಚಹಾ ಬಂತಂತೆ, ಸಭೆ ಮುಗಿಯಿತಂತೆ. ನಿನ್ನ ಮಗಳು ಈಗ ಆರನೇತ್ತೆ, ಎಂಟಕ್ಕೆ ಎಲ್ಲಿಗೆ ಹಾಕಲಿ ಅಕ್ಕಾ ಅಂತ ಕೊನೆಯಲ್ಲಿ ಕೇಳಿದ್ದೀ. ಆ ಪ್ರಶ್ನೆ ಕೇಳುವಾಗ ನಿನ್ನ ದನಿ ಸ್ವಲ್ಪ ಇಳಿದಿತ್ತು. ಅದು ನನ್ನ ಕಿವಿಗೆ ಬಿತ್ತು.

ಸಭೆಯಲ್ಲಿ ಮಾತಾಡಿದ ಇಬ್ಬರ ಹತ್ತಿರವೂ ಲೆಕ್ಕ ಇರಲಿಲ್ಲ, ತಮ್ಮಾ. ನನ್ನ ಚಿಂತೆ ಅದೇ. ಹೈಸ್ಕೂಲಿನ ವಿಷಯದಲ್ಲಿ ಊಹೆ ಮಾಡುವ ಅಗತ್ಯವೇ ಇಲ್ಲ. 2033ರ ಜೂನ್‌ನಲ್ಲಿ ನಿಮ್ಮ ಮುದ್ದೇಬಿಹಾಳದ ಎಂಟನೇತ್ತೆಯ ಬಾಗಿಲಿಗೆ ಬಂದು ನಿಲ್ಲುವ ಮಕ್ಕಳೆಲ್ಲ ಆಗಲೇ ಹುಟ್ಟಿದ್ದಾರೆ. ಈಗ ಅಂಗನವಾಡಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾರೆ, ಈ ಜೂನ್‌ಗೆ ಒಂದನೇತ್ತೆಗೆ ಬರುತ್ತಾರೆ. ಅವರ ಹೆಸರು ಕಾರ್ಯಕರ್ತೆಯ ಪುಸ್ತಕದಲ್ಲಿದೆ. ಒಂದನೇತ್ತೆಗೆ ದಾಖಲಾದ ದಿನದಿಂದ ಪ್ರತಿ ಮಗುವಿಗೂ ಸ್ಯಾಟ್ಸ್ ಅನ್ನುವ ಗುರುತಿನ ನಂಬರು ಇರುತ್ತದೆ. ಮಳೆ ಬರುತ್ತದೋ ಇಲ್ಲವೋ ಅಂತ ನಮ್ಮ ರೈತ ಮುಗಿಲು ನೋಡಬೇಕು, ಖರೆ. ಮಕ್ಕಳ ವಿಷಯದಲ್ಲಿ ಹಾಗಿಲ್ಲ, ಏಳು ವರ್ಷ ಮೊದಲೇ ತಿಳಿಯುತ್ತದೆ. ಅಷ್ಟು ಮುಂಚೆ ತಿಳಿದೂ ಜೂನ್ ಬಂದಾಗ ‘ಸೀಟು ಭರ್ತಿಯಾಗಿವೆ’ ಅಂತ ಹಲಗೆ ಹಾಕಿದರೆ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

ಮಕ್ಕಳು ಕಡಿಮೆಯಾಗಿದ್ದಾರೆ ಅಂದವರ ಮಾತು ಪೂರಾ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 1.7. ರಾಜ್ಯದ ದಕ್ಷಿಣದಲ್ಲಿ, ಕರಾವಳಿಯಲ್ಲಿ ಹತ್ತಿಪ್ಪತ್ತು ಮಕ್ಕಳ ಶಾಲೆಗಳು ಬೇಕಾದಷ್ಟಿವೆ. ಆದರೆ ರಾಜ್ಯದ ಸರಾಸರಿಯನ್ನು ತಂದು ನಮ್ಮ ಜಿಲ್ಲೆಯ ಮೇಲೆ ಹೊದಿಸಿದರೆ ಹೇಗೆ? 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ನೂರಕ್ಕೆ 15.6ರಷ್ಟು ಬೆಳೆದಾಗ ನಮ್ಮ ಜಿಲ್ಲೆಯದು ನೂರಕ್ಕೆ 20ರ ಮೇಲೆ ಬೆಳೆದು 21.77 ಲಕ್ಷ ಮುಟ್ಟಿತು. ಅದಾದ ಮೇಲೆ ಜನಗಣತಿಯೇ ಆಗಿಲ್ಲ. 2021ರದು ಕೊರೋನಾದಲ್ಲಿ ನಿಂತುಹೋಯಿತು, ಇನ್ನು 2027ಕ್ಕೆ. ಹಾಗಾಗಿ ಯಾರಾದರೂ ‘ಜನಗಣತಿ ಪ್ರಕಾರ ನಿಮ್ಮೂರಿಗೆ ಸಾಕು’ ಅಂದರೆ, ಆ ಗಣತಿಯಲ್ಲಿ ಎಣಿಕೆಯಾದ ಕೂಸು ಈಗ ಪಿಯುಸಿ ಮುಟ್ಟುವ ವಯಸ್ಸಿಗೆ ಬಂದಿದೆ ಅಂತ ಮೆಲ್ಲಗೆ ಹೇಳು.

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ 2001ರಲ್ಲಿ ಹೆಚ್ಚುಕಡಿಮೆ ಮೂವತ್ತು ಸಾವಿರದ ಊರುಗಳು. 2011ರಲ್ಲಿ ಮೂವತ್ತು ದಾಟಿ ನಲವತ್ತು ಸಾವಿರದ ಕಡೆ ಮುಖ ಮಾಡಿದ್ದವು. ಈಗ ನೀನೇ ನೋಡುತ್ತಿದ್ದೀಯಲ್ಲ, ಬಸ್ ಸ್ಟ್ಯಾಂಡಿನಿಂದ ಯಾವ ದಿಕ್ಕಿಗೆ ಹೋದರೂ ಎನ್‌ಎ ಪ್ಲಾಟಿನ ಕಲ್ಲು ನೆಟ್ಟಿದ್ದಾರೆ. ನಾವು ಸಣ್ಣವರಿದ್ದಾಗ ಬಿಳಿಜೋಳ ನಿಂತಿರುತ್ತಿದ್ದ ಎರಿಹೊಲಗಳು ಅವು. ಕಾಲುವೆಗೆ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರಖಾನೆ. ಇಂಡಿ ಕಡೆ ನಿಂಬೆ ತೋಟದವರು ಊರೊಳಗೆ ಒಂದು ಮನೆ ಮಾಡಿಕೊಂಡರು. ಬಾಗೇವಾಡಿ ಭಾಗದಲ್ಲಿ ಕೂಡಗಿಯ 2,400 ಮೆಗಾವಾಟಿನ ವಿದ್ಯುತ್ ಸ್ಥಾವರ ಎದ್ದಿತು. ಹಳ್ಳಿಯಲ್ಲಿ ಹೊಲ ಉಳಿಸಿಕೊಂಡು ‘ಮಕ್ಕಳ ಸಾಲಿ ಸಲುವಾಗಿ’ ತಾಲ್ಲೂಕಿನ ಊರಿಗೆ ಬಾಡಿಗೆಗೆ ಬಂದವರು ನಿನ್ನ ಓಣಿಯಲ್ಲೇ ಎಷ್ಟು ಮನೆ ಇದ್ದಾರೆ ಹೇಳು. ಮಕ್ಕಳನ್ನು ಓದಿಸಬೇಕು ಅಂತಲೇ ಊರು ಬಿಟ್ಟು ಬಂದವರಿಗೆ ಸೀಟು ಇಲ್ಲ ಅನ್ನುವುದು ಎಂಥ ಮಾತು!

ಇನ್ನೊಂದು ಅಲೆ ಬರುವುದಿದೆ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೆಲಸಕ್ಕೆ ಸರಕಾರ 2025ರ ಸೆಪ್ಟೆಂಬರ್‌ನಲ್ಲಿ ಪರಿಹಾರದ ದರ ಗೊತ್ತುಮಾಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ. ಹಿನ್ನೀರಿನ ಅಂಚಿನ ಮನೆತನಗಳು ಆ ದುಡ್ಡು ತೆಗೆದುಕೊಂಡು ಎಲ್ಲಿಗೆ ಹೋಗುತ್ತವೆ? ಕೆಲವರು ಬಾಗಲಕೋಟೆಗೆ, ಕೆಲವರು ಇಲ್ಲಿಗೆ, ಉಳಿದವರು ನಿಡಗುಂದಿ, ಬಾಗೇವಾಡಿ, ಮುದ್ದೇಬಿಹಾಳದ ಎನ್‌ಎ ಪ್ಲಾಟುಗಳಿಗೆ. ಅವರ ಸಾಮಾನಿನ ಟೆಂಪೋದಲ್ಲಿ ಮಕ್ಕಳ ಟಿ.ಸಿ.ಯೂ ಬರುತ್ತದೆ. ಪರಿಹಾರದ ಲೆಕ್ಕ ಹಾಕುವವರು ಎಕರೆ ಎಣಿಸುತ್ತಾರೆ, ಸಾಲಿಯ ಲೆಕ್ಕ ಹಾಕುವವರು ಮಕ್ಕಳನ್ನು ಎಣಿಸಬೇಕು. ಈ ಎರಡು ಕಚೇರಿಗಳು ಒಂದೇ ಮೇಜಿಗೆ ಕೂತು ಮಾತಾಡಿದರೆ ಎಷ್ಟು ಚಲೋ ಇತ್ತು.

ಈಗ ಎಂಟನೇತ್ತೆಯ ವಿಷಯ. ಇದು ನೀನು ಸರಿಯಾಗಿ ತಿಳಿಯಬೇಕಾದ ಮಾತು, ಯಾಕೆಂದರೆ ಎಲ್ಲ ಗೋಜಲು ಇಲ್ಲೇ ಇದೆ. ನಮ್ಮ ರಾಜ್ಯದಲ್ಲಿ ಹಿರಿಯ ಪ್ರಾಥಮಿಕ ಸಾಲಿ ಅಂದರೆ ಒಂದರಿಂದ ಏಳು, ಹೈಸ್ಕೂಲು ಅಂದರೆ ಎಂಟರಿಂದ ಹತ್ತು. 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಾದರೋ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಎಂಟನೆಯ ತರಗತಿಯವರೆಗೆ ಹಕ್ಕು ಕೊಟ್ಟಿತು. ಹೀಗಾಗಿ ಎಂಟನೇತ್ತೆಗೆ ಕಾನೂನು ಒಂದು ಮನೆಯಲ್ಲಿ, ಖೋಲಿ ಇನ್ನೊಂದು ಮನೆಯಲ್ಲಿ. ಒಂಬತ್ತು, ಹತ್ತಕ್ಕೆ ಆ ಕಾಯ್ದೆಯ ಆಸರೆಯೇ ಇಲ್ಲ. ಇದನ್ನು ಸರಿಪಡಿಸಲು ಕೆಲವು ಪ್ರಾಥಮಿಕ ಸಾಲಿಗಳಿಗೆ ಎಂಟನೇತ್ತೆ ಜೋಡಿಸಿದರು. ಕೇಳಲಿಕ್ಕೆ ಚಂದ. ಆದರೆ ಆ ಮಗು ಎಂಟು ಮುಗಿಸಿ ಒಂಬತ್ತಕ್ಕೆ ಹೈಸ್ಕೂಲಿಗೆ ಹೋದಾಗ ಅಲ್ಲಿಯ ಖೋಲಿಗಳು ಒಂದು ವರ್ಷ ಮೊದಲೇ ತುಂಬಿರುತ್ತವೆ. ತಡವಾಗಿ ಬಂದವಳು ಗೋಡೆಗೆ ಒರಗಿ ನಿಲ್ಲಬೇಕು. ಇಂಥ ಹುಡುಗಿಯರನ್ನು ನಾನು ನೋಡಿದ್ದೇನೆ. ತಪ್ಪು ಮಾಡಿದವರ ಹಾಗೆ ನಿಂತಿರುತ್ತಾರೆ, ಪಾಪ.

ಇದರ ಮೇಲೆ ಇನ್ನೊಂದು ಬದಲಾವಣೆಯ ಮಾತು ಬಂದಿದೆ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ ಅನ್ನುವ ಶಿಫಾರಸು ಇದೆ. ಅದು ಜಾರಿಯಾದರೆ ಎಂಟನೇತ್ತೆ ಕೆಳಗಿನ ಸಾಲಿಗೆ ಬರುತ್ತದೆ, ಪಿಯುಸಿಯ ಎರಡು ವರ್ಷ ಹೈಸ್ಕೂಲಿನ ಜೊತೆ ಸೇರುತ್ತವೆ. ಅಂದರೆ ನಿಮ್ಮ ಪ್ರಾಥಮಿಕ ಸಾಲಿಗೂ ಖೋಲಿ ಬೇಕು, ಹೈಸ್ಕೂಲಿಗೂ ಖೋಲಿ ಬೇಕು. ‘ನೀತಿ ಗಟ್ಟಿಯಾಗಲಿ, ಆಮೇಲೆ ಕಟ್ಟೋಣ’ ಅನ್ನುವವರು ನಿನ್ನ ಮುಂದೆ ಬರುತ್ತಾರೆ. ಒಪ್ಪಬೇಡ. ಪಂಕ್ತಿ ಹೇಗೆ ಬದಲಾದರೂ ಮಕ್ಕಳ ಸಂಖ್ಯೆ ಅಷ್ಟೇ ಇರುತ್ತದೆ, ಖೋಲಿ ಬೇಕೇ ಬೇಕು.

ಕಳೆದ ತಿಂಗಳು ಜಿಲ್ಲೆಯ ಒಂದು ಹೈಸ್ಕೂಲಿಗೆ ಹೋಗಿದ್ದೆ, ಯಾವ ಊರಿನದು ಅನ್ನುವುದು ಬೇಡ. ನಿವೃತ್ತಳಾದ ಮೇಲೂ ಪಾಠದ ಗದ್ದಲ ಕೇಳಿದರೆ ಕಾಲು ತಾನೇ ಒಳಗೆ ಹೋಗುತ್ತದೆ. ಎಂಟನೇತ್ತೆಯಲ್ಲಿ ಗಣಿತ ನಡೆದಿತ್ತು, ರೇಖಾಗಣಿತ. ಮೂವರು ಕೂರುವ ಬೆಂಚಿನಲ್ಲಿ ಐವರು. ತುದಿಯ ಹುಡುಗಿಯ ಒಂದು ಕಾಲು ಹೊರಗೆ, ಪಟ್ಟಿ ತೊಡೆಯ ಮೇಲೆ. ಕಂಪಾಸ ಪೆಟ್ಟಿಗೆ ತೆರೆದಿಡಲು ಜಾಗವಿಲ್ಲ, ಒಬ್ಬಳು ಪೆಟ್ಟಿಗೆ ಕೈಯಲ್ಲಿ ಹಿಡಿದರೆ ಪಕ್ಕದವಳು ಕೈವಾರ ತೆಗೆದುಕೊಂಡು ವೃತ್ತ ಬರೆಯಬೇಕು. ಪಾಟಿಚೀಲಗಳೆಲ್ಲ ಹಲಗೆಯ ಬುಡದಲ್ಲಿ ರಾಶಿ. ಮೇಡಂ ಆ ರಾಶಿ ದಾಟಿ ಮುಂದಿನ ಎರಡು ಸಾಲಿನವರೆಗೆ ಹೋಗುತ್ತಿದ್ದಳು, ಅದರ ಹಿಂದೆ ಹೋಗಲು ದಾರಿಯೇ ಇರಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಳು, ಆಮೇಲೆ ಇಳಿಸಿದಳು. ಅವಳ ಅನುಮಾನ ಏನಿತ್ತೋ, ಪಟ್ಟಿಯೊಳಗೇ ಉಳಿಯಿತು. ದಾಖಲೆಯಲ್ಲಿ ಅವಳಿಗೆ ಸೀಟು ಸಿಕ್ಕಿದೆ, ತಮ್ಮಾ. ನನ್ನ ಪ್ರಕಾರ ಸಿಕ್ಕಿಲ್ಲ.

ನಿನಗೆ ಲೆಕ್ಕ ಹಾಕುವ ಬಗೆ ಹೇಳುತ್ತೇನೆ, ಕಿಡಕಿ ಹಾರಬೇಡ. ಅಂಕಿಗಳನ್ನು ಉದಾಹರಣೆಗೆ ಅಂತ ಹಿಡಿ, ಖರೆ ಅಂಕಿ ನೀನೇ ಕೂಡಿಸಬೇಕು. ಊರಿನ ಎಲ್ಲ ಪ್ರಾಥಮಿಕ ಸಾಲಿಗಳ, ಅಂದರೆ ಸರಕಾರಿ, ಅನುದಾನಿತ, ಖಾಸಗಿ ಎಲ್ಲವುಗಳ ಏಳನೇತ್ತೆಯಲ್ಲಿ 700 ಮಕ್ಕಳು ಅನ್ನೋಣ. ವಸತಿ ಶಾಲೆಗೆ, ಹೊರ ಊರಿಗೆ ಹೋಗುವವರು 60. ಉಳಿದದ್ದು 640. ಹೈಸ್ಕೂಲಿಲ್ಲದ ಸುತ್ತಲಿನ ಹಳ್ಳಿ, ತಾಂಡಾ, ತೋಟದ ವಸ್ತಿಗಳಿಂದ ಬಸ್ಸಿಗೆ ಬರುವವರು 260. ಒಟ್ಟು 900. ಊರಿನ ಹೈಸ್ಕೂಲುಗಳಲ್ಲಿ ಎಂಟನೇತ್ತೆಯ ವಿಭಾಗ 15, ಒಂದೊಂದಕ್ಕೆ 50 ಮಕ್ಕಳು ಅಂದರೆ 750. ಕೊರತೆ 150, ಅಂದರೆ ಮೂರು ವಿಭಾಗ. ಇಲ್ಲಿ ಎಲ್ಲರೂ ಎಡವುತ್ತಾರೆ. ‘ಮೂರು ಖೋಲಿ ಕೊಡ್ರಿ’ ಅಂತ ಮನವಿ ಬರೆಯುತ್ತಾರೆ. ಆ ಮಕ್ಕಳು ಮುಂದಿನ ವರ್ಷ ಒಂಬತ್ತಕ್ಕೆ, ಅದರ ಮುಂದಿನ ವರ್ಷ ಹತ್ತಕ್ಕೆ ಹೋಗುತ್ತಾರೆ, ಅವರ ಬೆನ್ನಿಗೇ ಮತ್ತೆ ಎಂಟಕ್ಕೆ ಅಷ್ಟೇ ಮಕ್ಕಳು ಬರುತ್ತಾರೆ. ಮೂರು ವರ್ಷದಲ್ಲಿ ಬೇಕಾಗುವುದು ಒಂಬತ್ತು ಖೋಲಿ. ಅದಕ್ಕೆ ಗಣಿತ, ವಿಜ್ಞಾನ, ಇಂಗ್ಲಿಷ್ ಮಾಸ್ತರರು. ಹುಡುಗಿಯರಿಗೆ ನೀರಿರುವ ಶೌಚಾಲಯ. ಒಂದು ಪ್ರಯೋಗಾಲಯ. ಇಷ್ಟಿದ್ದರೇ ಅದು ಸೀಟು. ಅತಿಥಿ ಶಿಕ್ಷಕರು ಯಾವಾಗ ಬರುತ್ತಾರೋ ಅಂತ ಆಗಸ್ಟ್‌ವರೆಗೆ ಕಾಯುವ ವಿಭಾಗವನ್ನು ಅರ್ಧ ಸೀಟು ಅಂತ ಬರೆದುಕೋ.

ಆಮೇಲೆ ಒಂದನೇತ್ತೆಯ ಸಂಖ್ಯೆ ನೋಡು. ಅದು ಏಳನೇತ್ತೆಗಿಂತ ದೊಡ್ಡದಿದ್ದರೆ ನಿಮ್ಮೂರು ಬೆಳೆಯುತ್ತಿದೆ ಅಂತ ಅರ್ಥ, ಎಷ್ಟು ದೊಡ್ಡದೋ ಅಷ್ಟು ತಯಾರಿ ಬೇಕು. ಮಧ್ಯದಲ್ಲಿ ಒಂದು ವರ್ಷ ಉಬ್ಬಿದ್ದರೆ ಹೆದರಬೇಡ, ಕಾರಣ ಹುಡುಕು. ಒಂದನೇತ್ತೆಗೆ ಆರು ವರ್ಷ ತುಂಬಿರಬೇಕು ಅಂತ 2022ರಲ್ಲಿ ಮಾಡಿದ ಆದೇಶವನ್ನು 2025ರ ಏಪ್ರಿಲ್‌ನಲ್ಲಿ ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರಲ್ಲ, ಆಗ ಸೇರಿದ ಮಕ್ಕಳೆಲ್ಲ 2032ರ ಜೂನ್‌ನಲ್ಲಿ ಒಟ್ಟಿಗೆ ಹೈಸ್ಕೂಲು ಮುಟ್ಟುತ್ತಾರೆ.

ಒಟ್ಟು ಸಂಖ್ಯೆ ಸರಿಹೋಯಿತು ಅಂತ ಸುಮ್ಮನಾಗಬೇಡ. ಸೀಟು ಅಂದರೆ ಎಲ್ಲರಿಗೂ ಒಂದೇ ಅಲ್ಲ. ಉರ್ದು ಮಾಧ್ಯಮದಲ್ಲಿ ಏಳು ಮುಗಿಸಿದ ಹುಡುಗಿಗೆ ಹತ್ತಿರದಲ್ಲಿ ಉರ್ದು ಹೈಸ್ಕೂಲು ಇಲ್ಲದಿದ್ದರೆ ಕನ್ನಡ ವಿಭಾಗದಲ್ಲಿ ಹತ್ತು ಜಾಗ ಖಾಲಿ ಇದ್ದರೂ ಅವಳಿಗೆ ಉಪಯೋಗವಿಲ್ಲ. ಊರಿನ ಆಚೆ ತುದಿಯ ಖಾಲಿ ಬೆಂಚು ಈಚೆ ತುದಿಯ ಮಗುವಿಗೆ ದೂರ. ಖಾಸಗಿ ಸಾಲಿಯ ಸೀಟು ಫೀ ಕಟ್ಟಬಲ್ಲವರಿಗೆ ಸೀಟು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವವರ ಮಗನಿಗೆ ಅಲ್ಲ. ಆ ಮಕ್ಕಳ ವಿಷಯ ಬೇರೆಯೇ ಬರೆಯಬೇಕು. ಈಗ, ಈ ಜನವರಿಯಲ್ಲಿ, ನಮ್ಮ ತಾಂಡಾಗಳ ಎಷ್ಟೋ ಮನೆಗೆ ಕೀಲಿ ಬಿದ್ದಿದೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಹುಡುಗ ಗ್ಯಾಂಗಿನ ಜೊತೆ ಫಡದಲ್ಲಿದ್ದಾನೆ. ಯುಗಾದಿಗೆ ತಿರುಗಿ ಬಂದಾಗ ಅವನ ಬೆಂಚು ಅವನಿಗೇ ಇರಬೇಕು, ಅವನಿಲ್ಲ ಅಂತ ಅವನ ವಿಭಾಗವನ್ನೇ ಕಡಿಮೆ ಮಾಡಬಾರದು. ತಂದೆತಾಯಿ ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿಯಲು ಹಾಸ್ಟೆಲಿನ ಜಾಗವೂ ಈ ಲೆಕ್ಕದಲ್ಲಿ ಬರಬೇಕು.

ಹುಡುಗಿಯರ ವಿಷಯಕ್ಕೆ ಬಂದರೆ ನನ್ನ ಕೈ ಸ್ವಲ್ಪ ನಡುಗುತ್ತದೆ. ಬಾಲ್ಯವಿವಾಹ ಹೆಚ್ಚಿರುವ ಜಿಲ್ಲೆಗಳ ಪಟ್ಟಿ ಬಂದಾಗಲೆಲ್ಲ ನಮ್ಮ ಜಿಲ್ಲೆಯ ಹೆಸರು ಅದರಲ್ಲಿರುತ್ತದೆ. ಏಳು ಮುಗಿದು ಎಂಟಕ್ಕೆ ಹೋಗದೆ ಮನೆಯಲ್ಲಿ ಉಳಿದ ಹುಡುಗಿಯ ಮುಂದಿನ ಮಾತು ಏನು ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಮ್ಮ ಹಳ್ಳಿಯಲ್ಲಿ ನನ್ನ ಜೊತೆ ಏಳನೇತ್ತೆ ಓದಿದವಳೊಬ್ಬಳು ಬಾಯಿಲೆಕ್ಕದಲ್ಲಿ ನನಗಿಂತ ಎಷ್ಟೋ ಚುರುಕು. ಹೈಸ್ಕೂಲು ದೂರ ಅಂತ ಅವರಪ್ಪ ಬಿಡಿಸಿದ. ಆಕೆ ಇವತ್ತು ಸ್ವಸಹಾಯ ಸಂಘದ ಬಡ್ಡಿ ಲೆಕ್ಕವನ್ನು ಕಾಗದ ಮುಟ್ಟದೆ ಹೇಳುತ್ತಾಳೆ. ಆಕೆಗೆ ಬೇಕಾಗಿದ್ದದ್ದು ನಡೆದು ಹೋಗುವಷ್ಟು ದೂರದಲ್ಲಿ ಒಂದು ಹೈಸ್ಕೂಲು, ಅಷ್ಟೇ. 2009ರಲ್ಲಿ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಬಂದಾಗ ಪ್ರತಿ ಊರಿಗೂ ಐದು ಕಿಲೋಮೀಟರ್ ಒಳಗೆ ಹೈಸ್ಕೂಲು ಅನ್ನುವ ಗುರಿ ಇಟ್ಟರು. ಐದು ಕಿಲೋಮೀಟರ್ ಅನ್ನುವುದು ನಕಾಶೆಯಲ್ಲಿ ಸಣ್ಣ ಗೆರೆ. ತೋಟದ ವಸ್ತಿಯಿಂದ ಡಾಂಬರು ರಸ್ತೆಯವರೆಗೆ ಕೆಸರಿನಲ್ಲಿ ನಡೆದು, ಅಲ್ಲಿ ಬಸ್ಸು ಕಾಯುವ ಹುಡುಗಿಯನ್ನು ಕೇಳಬೇಕು ಅದೆಷ್ಟು ದೂರ ಅಂತ. 2006-07ರಲ್ಲಿ ಶುರುವಾದ ಎಂಟನೇತ್ತೆಯ ಸೈಕಲ್ ಅವಳಿಗೆ ರೆಕ್ಕೆ ಕೊಟ್ಟಿತ್ತು, ಕೊರೋನಾ ಕಾಲಕ್ಕೆ ಅದು ನಿಂತಿತು. 2023ರ ಜೂನ್‌ನಿಂದ ಬಸ್ಸು ಪುಕ್ಕಟೆಯಾಯಿತು, ಬಹಳ ಒಳ್ಳೆಯದಾಯಿತು. ಆದರೆ ತುಂಬಿದ ಬಸ್ಸು ವಸ್ತಿಯ ಮುಂದೆ ನಿಲ್ಲುವುದಿಲ್ಲ. ಸಂಜೆಯ ಬಸ್ಸು ಕೊನೆಯ ತಾಸಿಗಿಂತ ಮುಂಚೆ ಹೊರಟರೆ ಆ ತಾಸಿನ ಪಾಠ ಅವಳಿಗೆ ವರ್ಷಪೂರ್ತಿ ಇಲ್ಲ. ಡಿಪೋದವರನ್ನೂ ನಿನ್ನ ಸಭೆಗೆ ಕರೆ. ಬಸ್ಸಿನ ವೇಳೆಯನ್ನು ಅರ್ಧ ತಾಸು ಆಚೀಚೆ ಮಾಡಿಸಿದರೆ ಒಂದು ಖೋಲಿ ಕಟ್ಟಿಸಿದಷ್ಟು ಪುಣ್ಯ.

ವಸತಿ ಶಾಲೆಗಳಿವೆಯಲ್ಲ ಅಂತ ನೀನು ಕೇಳಿದ್ದೀ. ಇವೆ, ಒಳ್ಳೆಯವೇ. ಮೊರಾರ್ಜಿ, ಕಿತ್ತೂರು ರಾಣಿ ಚನ್ನಮ್ಮ, ಕಸ್ತೂರಬಾ, ಆಲಮಟ್ಟಿಯ ನವೋದಯ. ನವೋದಯಕ್ಕೆ ಇಡೀ ಜಿಲ್ಲೆಯಿಂದ ವರ್ಷಕ್ಕೆ ತೆಗೆದುಕೊಳ್ಳುವುದು 80 ಮಕ್ಕಳನ್ನು. ಆಯ್ಕೆಯಾದವರಿಗೆ ಅವು ಸಾಕು. ಆಯ್ಕೆಯಾಗದವರೇ ಹೆಚ್ಚು, ನಿನ್ನ ಕೆಲಸ ಅವರದು.

ಮಕ್ಕಳಿಗಾಗಿ ಮುಂಚೆಯೇ ಸಾಲಿ ಕಟ್ಟುವ ಬುದ್ಧಿ ನಮ್ಮ ಹಿರಿಯರಿಗೆ ಇತ್ತು. ವಕೀಲರಾಗಿದ್ದ ಫ.ಗು.ಹಳಕಟ್ಟಿಯವರು ವಚನಗಳ ತಾಳೆಗರಿ ಹುಡುಕುತ್ತ ತಿರುಗಿದ್ದನ್ನು ಎಲ್ಲರೂ ನೆನೆಯುತ್ತಾರೆ. 1910ರಲ್ಲಿ ಇದೇ ಊರಿನಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಲು ಮುಂದೆ ನಿಂತವರೂ ಅವರೇ. ಜಿಲ್ಲೆಯ ಹೈಸ್ಕೂಲು ಶಿಕ್ಷಣದ ದೊಡ್ಡ ಭಾರವನ್ನು ಇಂಥ ಸಂಸ್ಥೆಗಳು, ಮಠಗಳು ಬಹಳ ಕಾಲ ಹೊತ್ತವು, ಸರಕಾರ ಅನುದಾನ ಕೊಟ್ಟಿತು. ಈಗ ಆ ಬಾಗಿಲು ಸಣ್ಣದಾಗಿದೆ. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ ಕೊಡಿ ಅನ್ನುವ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ. ಹಳೆಯ ದಾರಿ ಇಕ್ಕಟ್ಟಾದ ಮೇಲೆ ಸರಕಾರವೇ ನೇರವಾಗಿ ಕಟ್ಟಬೇಕು, ಬೇರೆ ದಾರಿ ನನಗೆ ಕಾಣುವುದಿಲ್ಲ.

ದುಡ್ಡಿಲ್ಲ ಅನ್ನುವ ಮಾತು ಬಂದಾಗ ಇದನ್ನು ನೆನಪಿಡು. 2002ರಲ್ಲಿ ವರದಿ ಕೊಟ್ಟ ಡಿ.ಎಂ.ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ಆ 39ರೊಳಗೇ ಇದ್ದವು. ಭೀಮಾ ನದಿ ದಾಟಿದರೆ ಅಫಜಲಪುರ. ಅಲ್ಲಿಗೆ ಸಂವಿಧಾನದ 371(ಜೆ) ವಿಧಿ ಇದೆ, ಕಲ್ಯಾಣ ಕರ್ನಾಟಕ ಮಂಡಳಿಯ ಹಣ ಶಾಲೆಗಳಿಗೂ ಬರುತ್ತದೆ. ಬರಲಿ, ಅವರಿಗೂ ಬೇಕು. ಆದರೆ ಈ ದಂಡೆಯ ಇಂಡಿ, ಸಿಂದಗಿಯ ಮಕ್ಕಳು ಅದೇ ಬಿಸಿಲಿನಲ್ಲಿ ನಡೆಯುತ್ತಾರೆ, ಅವರ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಮ್ಮವರು ಲೆಕ್ಕ ಹಿಡಿದು ಕೇಳದೆ ಹೋದರೆ ತಾನಾಗಿ ಬರುವುದು ಏನೂ ಇಲ್ಲ. ಯಾರನ್ನು ಕೇಳಬೇಕು ಅನ್ನುವುದೇ ಇನ್ನೊಂದು ತೊಡಕು. ಇಂಗ್ಲೆಂಡಿನಲ್ಲಿ 1996ರ ಶಿಕ್ಷಣ ಕಾಯ್ದೆಯ ಪ್ರಕಾರ ತನ್ನ ಪ್ರದೇಶದಲ್ಲಿ ಸಾಕಷ್ಟು ಪ್ರಾಥಮಿಕ, ಪ್ರೌಢ ಶಾಲೆಗಳಿವೆ ಎಂದು ನೋಡಿಕೊಳ್ಳುವುದು ಸ್ಥಳೀಯ ಆಡಳಿತದ ಕಾನೂನುಬದ್ಧ ಕರ್ತವ್ಯ. ನಮ್ಮಲ್ಲಿ ಒಂಬತ್ತು, ಹತ್ತನೇತ್ತೆಗೆ ಅಂಥ ಕರ್ತವ್ಯವನ್ನು ಯಾರ ಹೆಗಲಿಗೂ ಸ್ಪಷ್ಟವಾಗಿ ಹೊರಿಸಿಲ್ಲ. ಪುರಸಭೆ ಬಿಇಒ ಕಡೆ ಕೈ ತೋರಿಸುತ್ತದೆ, ಬಿಇಒ ಕಚೇರಿ ಮೇಲೆ ಬರೆದಿದ್ದೇವೆ ಅನ್ನುತ್ತದೆ.

ಅದಕ್ಕೇ ಜಾಗದ ವಿಷಯದಲ್ಲಿ ನೀನು ಈಗಲೇ ಎಚ್ಚರವಾಗಿರಬೇಕು. ಖೋಲಿಗೆ ದುಡ್ಡು ಇವತ್ತಲ್ಲ ನಾಳೆ ಬರುತ್ತದೆ, ಊರೊಳಗಿನ ಎರಡು ಎಕರೆ ಒಮ್ಮೆ ಹೋದರೆ ಹೋಯಿತು. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಅಂತ ಜಾಗ ಬಿಡಿಸುತ್ತಾರೆ. ಸಿಎ ಸೈಟು ಅನ್ನುತ್ತಾರಲ್ಲ, ಅದು. ನಿಮ್ಮೂರ ಸುತ್ತಲಿನ ಬಡಾವಣೆಗಳ ನಕಾಶೆ ತರಿಸಿ ನೋಡು. ಒಂದೊಂದರಲ್ಲಿ ಒಂದು ತುಂಡು, ಇನ್ನೊಂದರಲ್ಲಿ ಇನ್ನೊಂದು ತುಂಡು, ಒಂದೂ ಹೈಸ್ಕೂಲಿಗೆ ಸಾಲದು. ಅಕ್ಕಪಕ್ಕದ ಎರಡು ಬಡಾವಣೆಯ ತುಂಡುಗಳನ್ನು ಒಂದೇ ಗಡಿಗೆ ಹೊಂದಿಸಿ ಬಿಡಿಸುವಂತೆ ಒಪ್ಪಿಗೆಗೆ ಮುಂಚೆಯೇ ಕೇಳಿದರೆ ಆಟದ ಬಯಲೂ ಸಿಗುತ್ತದೆ. ಒಪ್ಪಿಗೆಯಾದ ಮೇಲೆ ಕೇಳಿದರೆ ಕಾಂಪೌಂಡು ಗೋಡೆಯ ಜೊತೆ ಮಾತಾಡಬೇಕಾಗುತ್ತದೆ.

ಕಾಗದ ಉದ್ದವಾಯಿತು. ನಿನ್ನ ಹೆಂಡತಿ ಇದನ್ನು ಓದಿ ‘ಅಕ್ಕಾ ಪತ್ರ ಬರದಾಳೋ, ಪಾಠ ಮಾಡ್ಯಾಳೋ’ ಅಂತ ನಗುತ್ತಾಳೆ, ನಗಲಿ. ಅವಳನ್ನೂ ಈ ಕೆಲಸಕ್ಕೆ ಸೇರಿಸಿಕೋ. ಮಕ್ಕಳು ಯಾವ ಮನೆಯಿಂದ ಯಾವ ಸಾಲಿಗೆ ಹೋಗುತ್ತಾರೆ ಅನ್ನುವುದು ಓಣಿಯ ಹೆಣ್ಣುಮಕ್ಕಳಿಗೆ ಗೊತ್ತಿದ್ದಷ್ಟು ಯಾವ ಕಚೇರಿಗೂ ಗೊತ್ತಿಲ್ಲ.

ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದ್ದೀಯಲ್ಲ. ಅವಳನ್ನು ದೂರ ಕಳಿಸಬೇಡ. ನಿಮ್ಮೂರಿನಲ್ಲೇ, ಅವಳ ಗೆಳತಿಯರ ಜೊತೆಗೇ ಓದಲಿ. ನಿನಗೆ ಇನ್ನೂ ಒಂದೂವರೆ ವರ್ಷ ಸಮಯವಿದೆ. ಒಂದು ಹೊಸ ವಿಭಾಗಕ್ಕೆ ಮಂಜೂರಾತಿ ತರಿಸಲು ಅಷ್ಟು ಸಾಕು, ಹೊಸ ಹೈಸ್ಕೂಲಿಗೆ ಸಾಲದು. ಅದಕ್ಕೆ ಮಂಜೂರಾತಿ, ಹುದ್ದೆ, ಜಾಗ, ಟೆಂಡರು ಅಂತ ನಾಲ್ಕೈದು ವರ್ಷ ಸುಲಭವಾಗಿ ಹೋಗುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಕೇಳು: ಈಗಿನವರಿಗೆ ವಿಭಾಗ, ಅಂಗನವಾಡಿಯವರಿಗೆ ಹೈಸ್ಕೂಲು.

ಫೆಬ್ರವರಿ ಮುಗಿಯುವುದರೊಳಗೆ ಊರಿನ ಎಲ್ಲ ಸಾಲಿಗಳ ಒಂದರಿಂದ ಏಳರವರೆಗಿನ ಸಂಖ್ಯೆ ಬರೆದು ತರಿಸು. ಅಂಗನವಾಡಿಗಳದ್ದೂ ಸೇರಿಸು. ಅದನ್ನು ಒಂದೇ ಹಾಳೆಯಲ್ಲಿ ಇಟ್ಟು, ಸಭೆ ಕರೆದು, ಠರಾವು ಮಾಡಿ, ಬಿಇಒ ಕಚೇರಿಗೂ ಪುರಸಭೆಗೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಾ. ಇಂಡಿ, ಸಿಂದಗಿ, ಬಾಗೇವಾಡಿಯಲ್ಲಿ ನಿನ್ನಂಥ ಅಧ್ಯಕ್ಷರಿದ್ದಾರೆ, ಅವರಿಗೂ ಫೋನು ಮಾಡು. ನಾಲ್ಕು ಊರಿನ ಹಾಳೆ ಒಟ್ಟಿಗೆ ಬಂದರೆ ಜಿಲ್ಲೆಯ ಕಚೇರಿ ಅದನ್ನು ಓದಲೇಬೇಕಾಗುತ್ತದೆ. ಕೂಡಿಸುವುದು ಕಳೆಯುವುದು ಕಷ್ಟವಾದರೆ ನನ್ನ ಹತ್ತಿರ ಕಳಿಸು, ನಾನು ಮಾಡಿಕೊಡುತ್ತೇನೆ. ಸೀತನಿಯ ಜೊತೆಗೇ ಕಳಿಸಿದರೆ ಇನ್ನೂ ಒಳ್ಳೆಯದು.

ನಿನ್ನ ಅಕ್ಕ